ಹಾಲಿನ ಮಗಳು

ಸಲ್ಮಾ, ಆ ಫಾರ್ಮಿನಲ್ಲಿ ‘ಇಲ್ಲ’ ಎಂದು ಬರೆದವಳು ನಾನೇ. ಏಳು ವರ್ಷದ ಹಿಂದೆ, ಈ ಅರಬರ ನಾಡಿನ ಅಲ್ ಮಬೇಲಾದಲ್ಲಿ, ನಿನಗೆ ಹಾಲೂಡಿಸಿದ ಝುವೇನಾಬೀಬಿಯ ಮನೆಯಲ್ಲಿ ಕೂತು.

ನಾನು ಗದಗಿನ ಕಡೆಯ ನರ್ಸ್. ಆಗ ನಮ್ಮ ತಂಡ ಒಂದು ಕಾಯಿಲೆಯ ಬೆನ್ನು ಹತ್ತಿತ್ತು — ಕಾಲು ನಿಧಾನವಾಗಿ ಬಿಗಿದು, ಬಿಗಿದು, ಕೊನೆಗೆ ನಿಲ್ಲಲೂ ಆಗದ ಕಾಯಿಲೆ. ಸಮುದ್ರದಾಚೆಯ ಬಿಸಿನಾಡಿನ ದ್ವೀಪಗಳಿಂದ ಬಂದ ಮನೆತನಗಳಲ್ಲೇ ಏಕೆ ಹೆಚ್ಚು? ಅಕ್ಕನಿಗೆ ಬಂದದ್ದು ತಂಗಿಗೇಕಿಲ್ಲ? ನನಗಂತೂ ಇದೇ ಹುಚ್ಚು. ಅದರ ವೈರಸ್ ಎದೆಹಾಲಿನಲ್ಲಿ ಮಗುವಿಗೆ ದಾಟಿ, ಎಷ್ಟೋ ವರ್ಷ ರಕ್ತದಲ್ಲಿ ಸುಮ್ಮನೆ ಕೂತಿರುತ್ತದೆ, ಕೆಲವರನ್ನಷ್ಟೇ ಕಾಡುತ್ತದೆ. ಯಾರು ಯಾರ ಹಾಲು ಕುಡಿದರು ಎಂದು ಮನೆ ಮನೆಗೆ ಹೋಗಿ ಬರೆದುಕೊಳ್ಳುವುದು ನನ್ನ ಕೆಲಸ.

ಬೀಬಿಯ ಕಾಲು ಆಗಲೇ ಆ ಕಾಯಿಲೆಗೆ ಸೋತಿತ್ತು. ಹೆತ್ತ ಮಕ್ಕಳ ಹೆಸರೆಲ್ಲ ಹೇಳಿ, ನಾನು ಪೆನ್ನು ಮುಚ್ಚುವಾಗ ಅರಬಿ, ಹಿಂದಿ ಬೆರೆಸಿ ಅಂದರು — “ಇನ್ನೊಬ್ಬಳಿದ್ದಾಳೆ, ಸಲ್ಮಾ ಅಂತ. ಪಕ್ಕದ ಮನೆ ಕೂಸು. ಅವಳಮ್ಮನಿಗೆ ಬಾಣಂತಿ ಜ್ವರ, ವರ್ಷಪೂರ್ತಿ ನಾನೇ ಕುಡಿಸಿದೆ. ಈಗ ದೂರದ ಖಸಬ್ ಊರಿನಲ್ಲಿ, ತುಂಬು ಬಸುರಿ. ಅವಳೂ ನನ್ನ ಮಗಳೇ. ಯಲ್ಲಾ, ಬೇಗ ಬರಕೋ.”

ಇಲ್ಲಿ ಹಾಲು ಕುಡಿದವರೂ ಮಕ್ಕಳೇ, ಹಾಲಿನ ಅಣ್ಣ-ತಂಗಿಗೆ ಮದುವೆಯೇ ಕೂಡದು — ಇದೆಲ್ಲ ನನಗೆ ಗೊತ್ತಿತ್ತು. ಆದರೆ ನಿನ್ನ ಹೆಸರು ಬರೆದರೆ ಇನ್ನೊಂದು ಫಾರ್ಮ್, ಖಸಬ್‌ತನಕ ಪ್ರಯಾಣ... ಮರುದಿನವೇ ನನಗೆ ರಜೆ, ಊರಿಗೆ ವಿಮಾನ. ‘ಬೇರೆ ಮಗುವಿಗೆ ಹಾಲು ಕುಡಿಸಿದ್ದೀರಾ?’ ಎಂಬುದರ ಮುಂದೆ ‘ಇಲ್ಲ’ ಎಂದು ಬರೆದೆ. ಬೀಬಿಗೆ ಮಾತ್ರ, ಬರೆದುಕೊಂಡೆ ಎಂದೆ.

ಹೋದ ವಾರ ನೀನು ನಮ್ಮ ಕ್ಲಿನಿಕ್ಕಿಗೆ ಬಂದೆ, ಗೋಡೆ ಹಿಡಿದು ನಡೆಯುತ್ತ. ಚೀಟಿಯಲ್ಲಿ ನಿನ್ನ ಹೆಸರು, ಖಸಬ್ ಎಂಬ ಊರು ನೋಡಿದ್ದೇ, ಬೀಬಿ ಹೇಳಿದವಳು ನೀನೇ ಎಂದು ಗೊತ್ತಾಯಿತು. ತಾಯಿಯಿಂದ ಬರುವ ಕಾಯಿಲೆ ಎಂದಷ್ಟೇ ಡಾಕ್ಟರು ನಿನಗೆ ಹೇಳಿದ್ದರು.

“ಸಿಸ್ಟರ್, ಅಮ್ಮನ ರಕ್ತದಲ್ಲಿ ಏನೂ ಇಲ್ಲವಂತೆ. ಹಾಗಾದರೆ ನನಗೆ ಎಲ್ಲಿಂದ ಬಂತು?”

ಎಂಥ ಸರಿಯಾದ ಪ್ರಶ್ನೆ! ಒಂದು ಕಾಲದಲ್ಲಿ ನಾನೂ ಹೀಗೇ ಕೇಳುತ್ತಿದ್ದೆ. ನಿನ್ನ ಮಗಳು ಮರಿಯಂ ನಿನಗೆ ಒರಗಿ ನಿಂತಿದ್ದಳು. ಎರಡು ವರ್ಷ ನನ್ನ ಹಾಲೇ ಕುಡಿದವಳು, ಅದಕ್ಕೇ ಗಟ್ಟಿಮುಟ್ಟು ಎಂದು ನೀನು ಹೆಮ್ಮೆಯಿಂದ ಅವಳ ತಲೆ ಸವರಿದೆ. ನಾನು — ನಿನ್ನ ಬಿಪಿ ನೋಡಿ ಬರೆದುಕೊಂಡೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. “ಯಾರಿಗೂ ಗೊತ್ತಾಗಂಗಿಲ್ಲ, ಸುಮ್ನಿರು. ಕೆಲಸಕ್ಕ ಸಂಚಕಾರ ತಂದ್ಕೋಬ್ಯಾಡ,” ಅಂದರು.

“ನನಗ ಗೊತ್ತೈತಲ್ರಿ,” ಅಂದೆ.

ಇವತ್ತು ನಿನಗೆ ಫೋನು ಮಾಡಿ, ಗುರುವಾರ ಮರಿಯಂಳನ್ನೂ ಕರೆದುಕೊಂಡು ಬಾ ಎಂದೆ. ಏಕೆ ಎಂದು ಕೇಳಿದೆ ನೀನು. ಎದುರಿಗೇ ಹೇಳುತ್ತೇನೆ ಎಂದೆ — ಹೇಳುತ್ತೇನೆ, ಬೀಬಿಯ ಮಾತು, ನನ್ನ ‘ಇಲ್ಲ’, ಎರಡನ್ನೂ. ಆಮೇಲೆ ನೀನು ನನ್ನ ಮುಖ ನೋಡದಿದ್ದರೆ ಅದು ನ್ಯಾಯವೇ.

ಹಳೆಯ ಕಡತದಿಂದ ಆ ಫಾರ್ಮ್ ತೆಗೆದೆ. ‘ಇಲ್ಲ’ವನ್ನು ಅಳಿಸಲಿಲ್ಲ. ಕೆಳಗೆ ಇಂದಿನ ತಾರೀಖು ಹಾಕಿ, ನಡೆದದ್ದು ಬರೆದು, ಸಹಿ ಮಾಡಿ ಡಾಕ್ಟರ ಕೈಗೆ ಕೊಟ್ಟೆ. ಅಂದು ನಿನ್ನದೊಂದೇ ಹೆಸರು ಬರೆದಿದ್ದರೆ ಸಾಕಿತ್ತು. ಇಂದು ಮರಿಯಂಳದೂ ಸೇರಿ ಎರಡು ಬರೆದೆ.