ಸಾಹುಕಾರರು ಬೇಲಿಯೊಳಗೆ

ಯುವಕ ಮಂಡಳದ ಹಲಗೆ ಓದಲು ನಿಂತ ಗೆಳೆಯರೇ, ಇವತ್ತು ಕಾಯ್ದಿಟ್ಟ ಅಡವಿಯಲ್ಲಿ ಸಸಿ ನೆಡುವ ಕಾರ್ಯಕ್ರಮಕ್ಕೆ ಬಾರದವರು ದೊಡ್ಡದನ್ನೇ ಕಳೆದುಕೊಂಡಿರಿ.

ಸವಣೂರಿನಿಂದ ಜೀಪಿನಲ್ಲಿ ಬಂದ ಮುಖ್ಯ ಅತಿಥಿ ಸಾಹುಕಾರರು ಧೋತರ ಎತ್ತಿಕಟ್ಟಿ ಬೇವಿನ ಸಸಿ ನೆಟ್ಟು, ಅಲ್ಲೇ ನಿಂತು ಭಾಷಣ ಶುರು ಮಾಡಿದರು. "ಹ್ವಾದ ವರ್ಸ ಇವ್ರ ಬೇಲ್ಯಾಗ ಆಡು ಜಾತ್ರಿ ಮಾಡಿದ್ವು. ಈ ಹುಡುಗರಿಗೆ ಒಂದು ಬೇಲಿ ನೆಟ್ಟಗ ಕಟ್ಟಾಕ ಬರೂದಿಲ್ಲ."

ಆ ಮಾತು ನಮಗೆ ನಾಟಿತು. ಅವರ ಭಾಷಣ ಮುಗಿಯುವಷ್ಟರಲ್ಲಿ ಸಸಿಯ ಸುತ್ತಲೂ ಎದೆಮಟ್ಟ ಜಾಲಿಮುಳ್ಳು ಒಟ್ಟಿ ಬಿಗಿದೆವು. ಸಾಹುಕಾರರು ಒಳಗೇ ಉಳಿದರು.

"ನಾ ಹೊರಗ ಬರೂದು ಹ್ಯಾಂಗೋ?"

"ದಾರಿ ಬಿಟ್ರ ಆಡು ಬರ್ತಾವ್ರಿ ಸಾವ್ಕಾರ್ರ," ಎಂದ ನಮ್ಮ ಬಸಣ್ಣ.

ಅಷ್ಟರಲ್ಲಿ ಒಂದು ಆಡು ಬೇಲಿಯ ಬುಡದಲ್ಲಿ ನುಸುಳಿ ಒಳಗೆ ಹೋಗಿ, ಸಾಹುಕಾರರ ಕೊರಳ ಹಾರಕ್ಕೇ ಬಾಯಿ ಹಾಕಿತು. ಅವರು ಹಾರವನ್ನು ಅದಕ್ಕೇ ಬಿಟ್ಟು, ಅದು ಬಂದ ಕಿಂಡಿಯನ್ನು ತಮ್ಮ ಕೈಗೋಲಿನಿಂದ ಅಗಲಿಸಿ, ಅಂಬೆಗಾಲಿಟ್ಟು ಹೊರಬಂದರು.

"ಮೊದಲ ಆ ಕಿಂಡಿ ಮುಚ್ರಿ," ಎಂದು ಹುಕುಂ ಮಾಡಿದರು.

ಹಿರಿಯರ ಮಾತು ಮೀರಬಾರದೆಂದು ಕೂಡಲೇ ಮುಚ್ಚಿದೆವು. ಇದನ್ನು ಬರೆಯುವ ಹೊತ್ತಿಗೂ ಆಡು ಒಳಗೇ ಇದೆ, ಬೇವಿನ ಸಸಿಯ ಜೊತೆ. ನಮ್ಮ ಬೇಲಿ ಗಟ್ಟಿಯಿಲ್ಲ ಎಂದು ಇನ್ನು ಯಾರೂ ಅನ್ನುವಂತಿಲ್ಲ.