ರಕ್ಷಣಾ ಸಚಿವಾಲಯದ ದೇವಕಿಯಕ್ಕ

‘ತಮ್ಮ ಕಾಲಿಗೆ ಬಿದ್ದು ಬೇಡಿಕೊಳ್ಳುತ್ತೇನೆ’ ಎಂಬ ಸಾಲು ಅರ್ಜಿಯಲ್ಲಿ ಕಂಡರೆ ಸಾಕು, ದೇವಕಿಯಕ್ಕನ ಕೆಂಪು ಪೆನ್ಸಿಲು ಅದರ ಮೇಲೆ ಉದ್ದಕ್ಕೆ ಗೆರೆ ಎಳೆದುಬಿಡುತ್ತಿತ್ತು.

“ಯಾರ ಕಾಲಿಗೆ ಮಾರಾಯ್ರೆ? ನಿಮ್ಮ ಓಟಿನಿಂದ ಕೂತವರಿಗೆ ನೀವು ಬರೆಯುದು. ಎಂತ ಆಗ್ಬೇಕು ಅಷ್ಟು ಬರೀರಿ.”

ಸುಳ್ಯದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ದೇವಕಿಯಕ್ಕ ದೆಹಲಿಯ ರಕ್ಷಣಾ ಸಚಿವಾಲಯಕ್ಕೆ ಟೈಪಿಸ್ಟಾಗಿ ಸೇರಿ, ಸೆಕ್ಷನ್ ಆಫೀಸರಾಗಿ ನಿವೃತ್ತರಾಗಿ ತಮ್ಮ ಹುಟ್ಟೂರು ಪಂಜಕ್ಕೆ ಮರಳಿದವರು. ವಾರಕ್ಕೆರಡು ದಿನ ಬಸ್ಸಿನಲ್ಲಿ ಬಂದು ನನ್ನ ಅಂಗಡಿಯ ಮೂಲೆಯಲ್ಲಿ ಕೂತು, ಮಾಜಿ ಸೈನಿಕರ ಕಾಗದಪತ್ರ ನೋಡಿಕೊಡುತ್ತಿದ್ದರು. ಕೊಡಗಿನ ಪಕ್ಕದ ಊರಾದ್ದರಿಂದ ಅಂಥವರಿಗೆ ನಮ್ಮಲ್ಲಿ ಬರವಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಸಕ್ಕರೆಯಿಲ್ಲದ ಚಹಾ. ನಾನು ಟೈಪ್ ಮಾಡಿದ್ದರಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಇಡೀ ಹಾಳೆ ವಾಪಸು.

“ನಿಮಗೆ ದೇಶದ ಗುಟ್ಟೆಲ್ಲ ಗೊತ್ತಿರ್ಬೇಕಲ್ಲ ಅಕ್ಕ?” ಎಂದು ಒಮ್ಮೆ ಕೇಳಿದ್ದೆ.

“ಗುಟ್ಟು ಎಂತದೂ ಇಲ್ಲ ಶೋಭಾ. ನಾನು ಜಾಸ್ತಿ ಓದಿದ್ದು ಬೂಟಿನ ಫೈಲು. ಹಿಮದಲ್ಲಿ ನಿಲ್ಲುವವನಿಗೆ ಎಂಥ ಬೂಟು ಬೇಕು, ಅದನ್ನು ಹೊಲಿಯುದು ಯಾರು, ಮೇಲೆ ಮುಟ್ಟಿಸುದು ಹೇಗೆ? ಅಷ್ಟು ಸರಿಯಾದರೆ ಅವನು ನಿಲ್ತಾನೆ.”

ನಿವೃತ್ತ ಸುಬೇದಾರರೊಬ್ಬರಿಗೆ ಈ ಮಾತು ರುಚಿಸಲಿಲ್ಲ. “ಸೈನ್ಯದ ವಿಷಯ ಸೈನ್ಯಕ್ಕೇ ಬಿಡ್ಬೇಕಮ್ಮ. ಬಂದೂಕು ಹಿಡಿಯದವರಿಗೆ ಎಂತ ಗೊತ್ತಾಗ್ತದೆ?” ಎಂದು ಸವಾಲು ಹಾಕಿದರು.

ದೇವಕಿಯಕ್ಕ ನಕ್ಕರು. “ಬ್ರಿಟಿಷರ ಕಾಲದಲ್ಲಿ ಹಾಗೇ ಇದ್ದದ್ದು ಸುಬೇದಾರ್ರೆ. ಸೈನ್ಯದ ದೊಡ್ಡ ಸಾಹೇಬನೇ ವೈಸರಾಯನ ಮಂಡಳಿಯಲ್ಲೂ ಕೂರ್ತಿದ್ದ. ಕೇಳುವವನೂ ಅವನೇ, ಕೊಡುವವನೂ ಅವನೇ. ನಮ್ಮವರ ಕೈಗೆ ರಾಜ್ಯ ಬಂದಾಗ ಆ ಕುರ್ಚಿಯಲ್ಲಿ ಮಂತ್ರಿ ಕೂತರು. ಪಾರ್ಲಿಮೆಂಟಿಗೆ ಉತ್ತರ ಕೊಡ್ಬೇಕಾದವರು. ಸುತ್ತ ಎಷ್ಟು ದೇಶಗಳಲ್ಲಿ ಸೈನ್ಯವೇ ಗದ್ದುಗೆ ಹತ್ತಿತು, ನೋಡಿ. ನಮ್ಮಲ್ಲಿ ಆಗ್ಲಿಲ್ಲ. ಅದು ನಿಮ್ಮ ದೊಡ್ಡತನವೂ ಹೌದು, ಆ ಕುರ್ಚಿಯ ದೊಡ್ಡತನವೂ ಹೌದು.”

ಸುಬೇದಾರರು ತಮ್ಮ ಕಾಗದ ಮಡಚಿಕೊಳ್ಳುತ್ತ, “ಬೂಟು ಮಾತ್ರ ಒಳ್ಳೇದೇ ಇತ್ತು” ಎಂದರು.

ಕಡಬದ ಕಡೆಯಿಂದ ಲೀಲಾವತಿಯಕ್ಕ ಬಂದದ್ದು ಅದೇ ವರ್ಷ. ಅರುವತ್ತು ದಾಟಿದವರು. ಕೈಯಲ್ಲಿ ಅಣ್ಣನಿಂದ ಬಂದಿದ್ದ ಒಂದು ಹಳೆಯ ಇನ್‌ಲ್ಯಾಂಡ್ ಪತ್ರ. ಅವರ ಅಣ್ಣ ಕುಂಞಣ್ಣ ಮನೆಯಲ್ಲಿ ಹೇಳದೆ ಮಡಿಕೇರಿಗೆ ಹೋಗಿ ಸೈನ್ಯ ಸೇರಿದ್ದನಂತೆ. ಸೈನ್ಯಕ್ಕೆ ಕೊಟ್ಟದ್ದು ಅಲ್ಲಿನ ಸೋದರಮಾವನ ವಿಳಾಸ, ಹಾಗಾಗಿ ಸರಕಾರದ ಕಾಗದ ಯಾವುದೂ ಮನೆಗೆ ಬರಲಿಲ್ಲ. ಬಾಂಗ್ಲಾ ಯುದ್ಧದಲ್ಲಿ ತೀರಿಹೋದನೆಂದು ಮಾವ ಬಾಯಿಮಾತಿನಲ್ಲಿ ತಿಳಿಸಿದ್ದರು. ಹೆಣ ಬರಲಿಲ್ಲ, ಮಾವನೂ ಬೇಗ ತೀರಿಕೊಂಡರು. ಈಗ ಊರಿನ ಶಾಲೆಯಲ್ಲಿ ಸೈನಿಕರ ಹೆಸರಿನ ಕಲ್ಲು ನಿಲ್ಲಿಸುವಾಗ, ದಾಖಲೆ ಇಲ್ಲದವನ ಹೆಸರು ಕೆತ್ತುವುದಿಲ್ಲ ಎಂದಿದ್ದರು.

“ಕೆತ್ತದಿದ್ರೆ ಬೇಡ ಅಮ್ಮ. ಆದ್ರೆ ಅವ ಸೈನ್ಯಕ್ಕೆ ಹೋಗ್ಲೇ ಇಲ್ಲ, ಎಲ್ಲೋ ಓಡಿಹೋಗಿ ಹೆಂಡತಿ ಕಟ್ಟಿಕೊಂಡ ಅಂತ ಹೇಳ್ತಾರೆ. ನನ್ನ ಅಪ್ಪ ಅದನ್ನೇ ಕೇಳ್ತಾ ಸತ್ತದ್ದು.”

ದೇವಕಿಯಕ್ಕ ಪತ್ರವನ್ನು ಬಿಚ್ಚಲಿಲ್ಲ, ತಿರುಗಿಸಿ ನೋಡಿದರು. ಕಳುಹಿಸಿದವರ ಜಾಗದಲ್ಲಿ ಇಂಗ್ಲಿಷಿನಲ್ಲಿ ಒಂದು ನಂಬರು, ಪಕ್ಕದಲ್ಲಿ ‘ಪದ್ಮನಾಭ’.

“ಇದು ಯಾರು?”

“ಬರೆದುಕೊಟ್ಟವನ ಹೆಸರಂತೆ. ಓದಿದವರೆಲ್ಲ ಹಾಗೇ ಹೇಳಿದ್ದು.”

“ಲೀಲಾವತಿಯಕ್ಕ, ಇನ್ನೊಬ್ಬನ ಕಾಗದದಲ್ಲಿ ಯಾವ ಸಿಪಾಯಿಯೂ ತನ್ನ ಸೈನ್ಯದ ನಂಬರು ಹಾಕುದಿಲ್ಲ. ಅಣ್ಣ ಶಾಲೆಗೆ ಹೋಗಿದ್ದರಾ?”

ಮರುವಾರ ನಾವು ಮೂವರೂ ಬಸ್ಸು ಹಿಡಿದು, ಕುಂಞಣ್ಣ ಕಲಿತಿದ್ದ ಅದೇ ಊರ ಶಾಲೆಗೆ ಹೋದೆವು. ಹೆಡ್‌ಮಾಸ್ತರರು ಕಪಾಟಿನ ತಳದಿಂದ ಹಳೆಯ ದಾಖಲಾತಿ ಪುಸ್ತಕಗಳನ್ನು ತೆಗೆದುಕೊಟ್ಟರು. ಗೆದ್ದಲು ತಿಂದ ಅಂಚು, ಮಾಸಿದ ಶಾಯಿ. ಮಧ್ಯಾಹ್ನದ ಗಂಟೆ ಹೊಡೆದು ಮಕ್ಕಳು ಊಟ ಮುಗಿಸಿ ಬಂದರೂ ದೇವಕಿಯಕ್ಕ ತಲೆ ಎತ್ತಲಿಲ್ಲ. ಕೊನೆಗೆ ಅವರ ಬೆರಳು ಒಂದು ಸಾಲಿನಲ್ಲಿ ನಿಂತಿತು. ‘ಪದ್ಮನಾಭ ಯಾನೆ ಕುಂಞಣ್ಣ. ತಂದೆ: ಮೋನಪ್ಪ.’

ಲೀಲಾವತಿಯಕ್ಕ ಅಕ್ಷರ ಕಲಿತವರಲ್ಲ. ನಾನು ಓದಿ, ಶಾಲೆಯಲ್ಲಿ ಮಾಸ್ತರರು ಬರೆದ ಹೆಸರು ಪದ್ಮನಾಭ, ಮನೆಯಲ್ಲಿ ಕರೆದದ್ದು ಕುಂಞಣ್ಣ ಎಂದು ಬಿಡಿಸಿ ಹೇಳಿದೆ. “ಇನ್ನೊಂದು ಸಲ ಓದು” ಎಂದರು. ಓದಿದೆ.

ಸೈನ್ಯದ ದಾಖಲೆ ಕಚೇರಿಗೆ ಅರ್ಜಿ ಹೋಯಿತು: ಎಂಟೇ ಸಾಲು. ಮೂರು ತಿಂಗಳಿಗೆ ಉತ್ತರ ಬಂತು. ಸಿಪಾಯಿ ಪದ್ಮನಾಭ, ತಂದೆ ಮೋನಪ್ಪ, ಪೂರ್ವದ ಗಡಿಯಲ್ಲಿ ಹೋರಾಡುತ್ತ ಮಡಿದವನು. ದೆಹಲಿಯ ಯುದ್ಧ ಸ್ಮಾರಕದಲ್ಲಿ ಅವನ ಹೆಸರು ಕೆತ್ತಿದೆ. ಜೊತೆಗೆ ಆ ಕಲ್ಲಿನ ಫೋಟೋ.

ಲೀಲಾವತಿಯಕ್ಕ ಫೋಟೋವನ್ನು ಎದೆಗೊತ್ತಿಕೊಂಡರು. “ನಾವು ಇಲ್ಲಿ ಒಂದು ಕಲ್ಲಿಗೆ ಅಂಗಲಾಚಿದೆವು. ಅವ ಅಲ್ಲಿ ಆಗಲೇ ಇದ್ದ!”

ಶಾಲೆಯ ಕಲ್ಲಿನಲ್ಲಿ ಕುಂಞಣ್ಣನ ಹೆಸರು ಎಲ್ಲರಿಗಿಂತ ಮೇಲೆ ಬಂತು. ಪರದೆ ಸರಿಸಿದವರು ತಂಗಿಯೇ. ಕತೆ ಕಟ್ಟಿದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಷ್ಟು ಕರೆದರೂ ವೇದಿಕೆ ಹತ್ತದ ದೇವಕಿಯಕ್ಕ ಜನರ ನಡುವೆ ನಿಂತು, “ಕಾಗುಣಿತ ಸರಿ ಉಂಟು” ಎಂದು ನನ್ನ ಕಿವಿಯಲ್ಲಿ ಹೇಳಿದರು. ಕಣ್ಣು ಒದ್ದೆಯಾಗಿತ್ತು.

ಅವರು ತೀರಿಕೊಂಡದ್ದು ಮುಂದಿನ ಬೇಸಿಗೆಯಲ್ಲಿ, ನಿದ್ದೆಯಲ್ಲೇ. ಬೆಳಿಗ್ಗೆ ನಾನು ಪಂಜದ ಮನೆ ತಲುಪಿದಾಗ ರಸ್ತೆಯುದ್ದಕ್ಕೂ ಜೀಪು, ರಿಕ್ಷಾ. ಸುಳ್ಯ, ಪುತ್ತೂರು, ಕೆದಂಬಾಡಿಯಿಂದ ಬಂದ ಮುದುಕರು ಬಿಳಿ ಅಂಗಿಯ ಮೇಲೆ ಪದಕ ಧರಿಸಿ, ಯಾರೂ ಹೇಳದೆ ಅಂಗಳದಲ್ಲಿ ಎರಡು ಸಾಲಾಗಿ ನಿಂತಿದ್ದರು. ಲೀಲಾವತಿಯಕ್ಕ ಕಡಬದಿಂದ ಮೊದಲ ಬಸ್ಸಿಗೇ ಬಂದಿದ್ದರು. ಅಂಗಳಕ್ಕೆ ಇಳಿದು, ನೇರ ಹೋಗಿ ಮೊದಲ ಸಾಲಿನ ಕೊನೆಯಲ್ಲಿ ನಿಂತರು. ಅವರ ಪಕ್ಕದಲ್ಲಿ ನಾನು.

ದೇಹವನ್ನು ಹೊರಗೆ ತಂದಾಗ ಸುಬೇದಾರರು ಒಂದು ಹೆಜ್ಜೆ ಮುಂದೆ ಬಂದು, “ಸಾವಧಾನ್!” ಎಂದು ಕವಾಯತಿನ ದನಿಯಲ್ಲಿ ಗುಡುಗಿದರು.

ಅಷ್ಟೂ ಬೆನ್ನುಗಳು ಒಮ್ಮೆಲೇ ನೆಟ್ಟಗಾದವು.