ಜರಡಿ ತಗಡಿನ ಮುರುಗೆಪ್ಪ

ಧಡ್. ಒಂದು ಉಸಿರು ಬಿಟ್ಟು ಮತ್ತೆ ಧಡ್. ಹುಬ್ಬಳ್ಳಿಯ ಗೋಕುಲ ರಸ್ತೆಯ ಪಕ್ಕದ ಒಂದು ಶೆಡ್ಡಿನಲ್ಲಿ ತೂತು ಹೊಡೆಯುವ ಪ್ರೆಸ್ಸು ತಗಡಿನ ಮೇಲೆ ಬೀಳುವ ಸದ್ದು ಅದು. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ಐದರವರೆಗೆ. ಪ್ರತಿ ಏಟಿಗೂ ಒಂದು ಸಾಲು ತೂತು. ಶೇಂಗಾ, ಜೋಳ, ಕುಸುಬಿ ಸೋಸುವ ಯಂತ್ರಗಳಿಗೆ ಹೋಗುವ ಜರಡಿ ತಗಡು. ಮುರುಗೆಪ್ಪ ಆ ಪ್ರೆಸ್ಸಿನ ಮುಂದೆ ನಿಂತು ಹದಿನೆಂಟು ವರ್ಷವಾಗಿತ್ತು. ಹೊಸಬರು ಯಾರಾದರೂ ಕಿವಿ ಮುಚ್ಚಿಕೊಂಡರೆ ಅವನು ನಗುತ್ತಿದ್ದ. "ಈಗ ಭಾಳ ಕಮ್ಮಿ ಆಗೇತ್ರಿ. ಮಷಿನ್ ಪಳಗೇತಿ," ಎನ್ನುತ್ತಿದ್ದ.

ಅದೇ ತಗಡಿನಿಂದ ಅವನು ಮನೆಯಲ್ಲಿ ಸ್ಪೀಕರ್ ಮಾಡುತ್ತಿದ್ದ.

ಶುರುವಾದದ್ದು 1993ರಲ್ಲಿ. ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಕಾವೇರಿ, ಸಪ್ತಾಪುರದ ತಮ್ಮ ಬಾಡಿಗೆ ಮನೆಯಿಂದ ಒಂದು ಕೆಟ್ಟುಹೋದ ವಿದೇಶಿ ಸ್ಪೀಕರನ್ನು ಆಟೋದಲ್ಲಿ ಹೇರಿಕೊಂಡು ಹುಬ್ಬಳ್ಳಿಯ ದುರ್ಗದಬೈಲಿನ ಗೌಸಸಾಬನ ರೇಡಿಯೋ ರಿಪೇರಿ ಅಂಗಡಿಗೆ ತಂದರು. ಗೌಸಸಾಬ ಬಿಚ್ಚಿ ನೋಡಿದ. ಒಳಗೆ ಅಯಸ್ಕಾಂತ ಇರಲಿಲ್ಲ, ಕಾಗದದ ಬಟ್ಟಲೂ ಇರಲಿಲ್ಲ. ಎರಡು ತೂತಿನ ತಗಡು, ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಅಷ್ಟೇ. ಹಾಳೆಗೆ ನಾಲ್ಕು ಸಾವಿರ ವೋಲ್ಟಿನ ವಿದ್ಯುತ್ತು ತುಂಬಿಟ್ಟು, ತಗಡುಗಳಿಗೆ ಹಾಡನ್ನು ಕೊಟ್ಟರೆ ಹಾಳೆ ಅತ್ತಿತ್ತ ಅಲುಗುತ್ತದೆ, ಆ ಅಲುಗಾಟವೇ ಸದ್ದು ಎಂದು ಕಾವೇರಿ ಹೇಳಿದರು. ಗೌಸಸಾಬ ಗೆಳೆಯ ಮುರುಗೆಪ್ಪನಿಗೆ ಹೇಳಿ ಕಳಿಸಿದ. "ಬಾ ಇಲ್ಲಿ, ನಿನ್ನ ಜರಡಿಯಾಗ ಹಾಡು ಸೋಸ್ಯಾರ."

ಮುರುಗೆಪ್ಪ ತಗಡಿನ ಮೇಲೆ ಬೆರಳಾಡಿಸಿ, ತೂತಿನ ಅಳತೆ ಹೇಳಿದ. ಮರುವರ್ಷ ನವನಗರದ ಅವನ ಮನೆಯ ಮುಂದಿನ ಕೋಣೆಯಲ್ಲಿ ಎರಡು ಬಾಗಿಲುಗಳಂತೆ ಮೊದಲ ಜೋಡಿ ನಿಂತಿತು. ಗೌಸಸಾಬ ಟ್ರಾನ್ಸ್‌ಫಾರ್ಮರು ಸುತ್ತಿದ್ದ. ವಿದ್ಯುತ್ತು ಹಿಡಿಯಲೆಂದು ಹಾಳೆಗೆ ಪೆನ್ಸಿಲಿನ ಕಪ್ಪು ಪುಡಿಯನ್ನು ಹತ್ತಿಯಿಂದ ತಿಕ್ಕಿದವನು ಮುರುಗೆಪ್ಪ. ಕಾವೇರಿ ತಮ್ಮ ಗುರುಗಳ ಮನೆಯಲ್ಲಿ ರೆಕಾರ್ಡು ಮಾಡಿದ ತಂಬೂರಿಯ ಕ್ಯಾಸೆಟ್ಟು ಹಾಕಿದರು. ತಂತಿಯ ಕೆಳಗೆ ನೂಲಿಟ್ಟು ತಂಬೂರಿಗೆ ಜವಾರಿ ತರುತ್ತಾರೆ. ಸ್ವರದ ಮೇಲೆ ದುಂಬಿಯಂತೆ ಸಣ್ಣಗೆ ಗುಂಯ್‌ಗುಡುವ ಇನ್ನೊಂದು ಸ್ವರ. ಅದು ಆ ದಿನ ಕೋಣೆಯಲ್ಲಿ ಕೇಳಿತು. ಮೊದಲು ಹೇಳಿದವನು ಮುರುಗೆಪ್ಪನೇ: "ಮ್ಯಾಲೆ ಒಂದು ಸಣ್ಣಂದು ಬರಾಕತ್ತೇತಲ್ಲರಿ, ಏನದು?" ಕಾವೇರಿ ಅವನನ್ನು ನೋಡಿದರು. "ಅದನ್ನ ಕೇಳೂ ಕಿವಿ ಭಾಳ ಮಂದಿಗೆ ಇರೂದಿಲ್ಲರಿ," ಎಂದರು.

ಅಲ್ಲಿಂದ ಆ ಮಾತು ನಡೆಯಿತು. ಗೌಸಸಾಬನ ಕೈ, ಮುರುಗೆಪ್ಪನ ಕಿವಿ. ಅಂಗಡಿಗೆ ಯಾವ ಡೆಕ್ಕು ಬಂದರೂ ಕೊನೆಗೆ ಅವನು ಕೇಳಿ ತಲೆಯಾಡಿಸಬೇಕಿತ್ತು. ಶೆಡ್ಡಿನಲ್ಲಿ ಅವನು ಹನ್ನೊಂದು ಮಂದಿಯಲ್ಲಿ ಒಬ್ಬ. ಅಂಗಡಿಯಲ್ಲಿ ಅವನು ಬರುವ ತನಕ ಕಾಯುತ್ತಿದ್ದರು.

ಮೊದಲ ಜೋಡಿಗೆ ಒಂದು ಕುಂದು ಇತ್ತು. ಚಪ್ಪಟೆ ತಗಡು, ಸದ್ದು ಬ್ಯಾಟರಿ ಬೆಳಕಿನಂತೆ ನೇರ ಹೋಗುತ್ತಿತ್ತು. ಎರಡರ ನಡುವೆ ಒಂದೇ ಕುರ್ಚಿಯ ಜಾಗ. ಅವನ ಹೆಂಡತಿ ರತ್ನವ್ವ ಅಡುಗೆಮನೆಯಿಂದ ಕುಟುಕುತ್ತಿದ್ದಳು. "ನಿಮಗ ತಂಬೂರಿ, ನನಗ ಖಾಲಿ ಡಬ್ಬಿ."

ಅವಳಿಗಾಗಿಯೇ ಎರಡನೇ ಜೋಡಿ. 1997ರಲ್ಲಿ ಅವನು ತಗಡುಗಳನ್ನು ಶೆಡ್ಡಿನ ರೋಲಿಂಗ್ ಯಂತ್ರಕ್ಕೆ ಕೊಟ್ಟು ಬಿಲ್ಲಿನಂತೆ ಬಾಗಿಸಿದ. ಬಾಗಿದ ತಗಡಿನ ನಡುವೆ ಹಾಳೆ ಬಿಗಿಯುವುದಕ್ಕೆ ಆರು ತಿಂಗಳು ಹಿಡಿಯಿತು. ಸದ್ದು ಕೋಣೆ ತುಂಬಿ ಅಡುಗೆಮನೆಗೂ ಹೋಯಿತು. ರತ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

ಆದರೆ ಅವನಿಗೆ ಅದು ಮಂಕೆನಿಸಿತು. ಜವಾರಿ ಬರುತ್ತಿರಲಿಲ್ಲ. ತಗಡು ಬಾಗಿಸಿದ್ದಕ್ಕೆ ಹೀಗಾಗಿದೆ ಎಂದುಕೊಂಡ. ಟ್ರಾನ್ಸ್‌ಫಾರ್ಮರಿಗೆ ಹೋಗುವ ತಂತಿಯಲ್ಲಿ ನಾಲ್ಕು ಓಮಿನ ಒಂದು ರೆಸಿಸ್ಟರ್ ಇತ್ತು, ಸಣ್ಣ ಸ್ವರಗಳು ಅತಿಯಾಗದಂತೆ ತಡೆಯುವುದಕ್ಕೆ. ಸಣ್ಣ ಸ್ವರ ಹೆಚ್ಚಲೆಂದು ಅದನ್ನು ತೆಗೆದು ಎರಡು ಓಮಿನದು ಹಾಕಿದ. ವರ್ಷವಾದ ಮೇಲೆ ಒಂದು ಓಮು. ಅದೇ ಕ್ಯಾಸೆಟ್ಟನ್ನು ಚಪ್ಪಟೆ ಜೋಡಿಗೆ ಹಚ್ಚಿ ಕೇಳಿದ, ಅದೂ ಮಂಕಾಗಿತ್ತು. ಹಾಳೆ ಹಳತಾಯಿತು ಎಂದು ಬದಲಿಸಿದ. ರತ್ನವ್ವ ಹಾಡು ಹಚ್ಚಿದಾಗ ಹಿತ್ತಲಿಗೆ ಹೋಗತೊಡಗಿದಳು. "ಕಿವ್ಯಾಗ ಸೂಜಿ ಚುಚ್ಚಿದಂಗ ಆಕ್ಕೇತ್ರಿ," ಎಂದಳು ಒಮ್ಮೆ. ಗೌಸಸಾಬ, "ದೋಸ್ತ, ಸ್ವಲ್ಪ ತೀಕ್ಷ್ಣ ಆತಲ್ಲೋ," ಎಂದ.

"ನಿಮಗ ತಿಳ್ಯಾಂಗಿಲ್ಲ ಬಿಡ್ರಿ," ಎಂದ ಮುರುಗೆಪ್ಪ.

1999ರ ದಸರೆಗೆ ಕಾವೇರಿ ಬರುವವರಿದ್ದರು. ಧಾರವಾಡದಲ್ಲಿ ಅವರದೊಂದು ಗುಂಪು ರವಿವಾರ ಕೂಡಿ ಹಳೆಯ ಗಾಯನ ಕೇಳುತ್ತಿತ್ತು. ಎರಡು ಜೋಡಿಯಲ್ಲಿ ಒಂದನ್ನು ಅಲ್ಲಿಗೆ ಒಯ್ಯುವುದು, ಯಾವುದೆಂದು ಮುರುಗೆಪ್ಪ ಹೇಳುವುದು ಎಂದು ಮಾತಾಗಿತ್ತು. ಅವನು ಅದಕ್ಕಾಗಿ ಶೆಡ್ಡಿನಲ್ಲಿ ಎರಡು ದಿನ ರಜೆ ಹೇಳಿದ್ದ. ಹದಿನೆಂಟು ವರ್ಷದಲ್ಲಿ ಮದುವೆಗೆ, ತಂದೆಯ ಮಣ್ಣಿಗೆ ಬಿಟ್ಟರೆ ಅವನು ರಜೆ ಕೇಳಿದ್ದೇ ಇಲ್ಲ.

ಖಂಡೇಪೂಜೆಯ ಬೆಳಿಗ್ಗೆ ಅವನು ಶೆಡ್ಡಿಗೆ ಹೋಗಿ, ಎಲ್ಲರಂತೆ ಪ್ರೆಸ್ಸಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು ಬಂದ. ಅದೇ ಹೊತ್ತಿಗೆ ಮನೆಯಲ್ಲಿ ರತ್ನವ್ವ ಈಳಿಗೆ, ಕುಡುಗೋಲು, ಸೈಕಲ್ಲು, ಹೊಲಿಗೆ ಯಂತ್ರಕ್ಕೆ ಪೂಜೆ ಮಾಡಿದಳು. ಸ್ಪೀಕರುಗಳಿಗೆ ಧೂಳು ಬೀಳದಂತೆ ಹೊದಿಸಿದ್ದ ಹಳೆ ಸೀರೆಯನ್ನು ಸರಿಸಿ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಬಾಗಿದ ತಗಡುಗಳಿಗೂ ಎಳೆದಳು. ಗಂಡನ ಕೈಯ ದೊಡ್ಡ ಕೆಲಸ ಅದು. ಅದನ್ನು ಬಿಡುವುದು ಅವಳಿಗೆ ಸರಿ ಕಾಣಲಿಲ್ಲ. ಮತ್ತೆ ಸೀರೆ ಹೊದಿಸಿದಳು. ಪೂಜೆಯಾದ ವಸ್ತುವನ್ನು ಮರುದಿನದ ತನಕ ಯಾರೂ ಮುಟ್ಟುವುದಿಲ್ಲ, ಅವನೂ ಮುಟ್ಟಲಿಲ್ಲ. ಆ ರಾತ್ರಿ ಹಿಂಗಾರಿನ ಜಿಟಿಜಿಟಿ ಹಿಡಿಯಿತು.

ಮರುದಿನ ಸಂಜೆ ಗೌಸಸಾಬ, ಕಾವೇರಿ ಇಬ್ಬರೂ ಬನ್ನಿ ಎಲೆ ಹಿಡಿದು ಬಂದರು. ಎಲೆ ಕೊಟ್ಟು ತೆಗೆದುಕೊಂಡದ್ದಾಯಿತು. ಗೌಸಸಾಬ ಬನ್ನಿಯನ್ನು ರತ್ನವ್ವನ ಕೈಗಿಟ್ಟು, "ಬಂಗಾರ ಕೊಟ್ಟೀನಿ ವೈನಿ, ಚಾಕ್ಕ ಸಕ್ಕರಿ ಕಡಿಮಿ ಹಾಕಬ್ಯಾಡ್ರಿ," ಎಂದ. ಮುರುಗೆಪ್ಪ ಸೀರೆ ಸರಿಸಿದಾಗ ಮೂರು ಬಿಳಿ ಪಟ್ಟೆ ಕಂಡವು. ಹತ್ತಿಯಿಂದ ಮೆಲ್ಲಗೆ ಒರೆಸಿದ. ತೂತುಗಳ ಒಳಗೆ ಇಳಿದದ್ದು ಹೊರಗಿಂದ ಕಾಣುವಂತಿರಲಿಲ್ಲ.

ತಂಬೂರಿ ಶುರುವಾಯಿತು. ಕೂಡಲೇ ಒಗ್ಗರಣೆಯ ಸಾಸಿವೆಯಂತೆ ಚಿಟಪಟ ಸದ್ದು. ತೇವ ಹಿಡಿದ ಬೂದಿಯ ದಾರಿಯಲ್ಲಿ ಹಾಳೆಯ ವಿದ್ಯುತ್ತು ಸೋರಿ ಸಿಡಿಯುತ್ತಿತ್ತು. ಕಾವೇರಿ ಹುಬ್ಬು ಗಂಟಿಕ್ಕಿದರು. ಗೌಸಸಾಬ ಎದ್ದು ಸ್ವಿಚ್ಚಿನ ಕಡೆ ಕೈ ಚಾಚಿದ. ಮುರುಗೆಪ್ಪ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅವನ ಮುಖ ಹಗುರಾಗಿತ್ತು.

"ಕೇಳ್ರಿ," ಎಂದ. "ಸಣ್ಣಾಗಿ, ಮ್ಯಾಲೆ. ಜವಾರಿ ಬಂತು."

ಕಾವೇರಿ ತಮ್ಮ ಕೈಯಲ್ಲಿದ್ದ ಬನ್ನಿ ಎಲೆಯನ್ನು ನೋಡುತ್ತ ಕೂತರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರತ್ನವ್ವ ಹೇಳಿದಳು: "ವಿಭೂತಿ ನಾ ಹಚ್ಚೀನ್ರಿ. ಅದು ಒಳಗ ಹೋಗಿ ಸಿಡ್ಯಾಕತ್ತೇತಿ. ತಪ್ಪು ನಂದು."

ಅವನು ಕಣ್ಣು ತೆರೆದ. "ಏನು ಸಿಡ್ಯಾಕತ್ತೇತಿ?"

ಗೌಸಸಾಬ ಸ್ವಿಚ್ಚು ಆರಿಸಿದ. ರತ್ನವ್ವ ಚಹಾ ತಂದಳು. ಮೂವರು ಕುಡಿದರು. ವಿಭೂತಿಯ ಬಗ್ಗೆಯೇ ಮಾತಾಯಿತು, ನೀರು ಕಲಸದಿದ್ದರೆ ಹೀಗಾಗುತ್ತಿರಲಿಲ್ಲ, ಮಳೆಯ ಥಂಡಿಯೂ ಸೇರಿತು ಎಂದು. ಮುರುಗೆಪ್ಪ ಹೂಂಗುಟ್ಟಿದ. ಅವನ ಬಸಿಯಲ್ಲಿ ಚಹಾ ಆರಿತು.

ಅವನು ಮತ್ತೆ ಕೆಲಸಕ್ಕೆ ಹೋದ. ಧಡ್ ಎಂಬುದು ಅವನಿಗೆ ಕಾಲ ಕೆಳಗಿನ ನೆಲದಲ್ಲಿ ಸರಿಯಾಗಿ ತಿಳಿಯುತ್ತಿತ್ತು. ಒಂದು ಸಂಜೆ ರತ್ನವ್ವ ಹಿತ್ತಲಿನಿಂದ ಬಂದಾಗ ಅವನು ಒಲೆಯ ಮುಂದೆ ನಿಂತು, ಸೀಟಿ ಹೊಡೆದಾಗ ಕುಕ್ಕರಿನ ಮೇಲಿನ ಗುಂಡು ಏಳುವುದನ್ನು ಕಣ್ಣಿಂದ ಎಣಿಸುತ್ತಿದ್ದ. "ಮೂರಾದವು," ಎಂದು ಹೇಳಿ ಒಲೆ ಆರಿಸಿದ. ಅವನಿಗೆ ಏನೂ ಆದಂತಿರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಬಾಗಿದ ಜೋಡಿಯನ್ನು ಬಿಚ್ಚಿದ. ತಗಡು ತೊಳೆದು ಒಣಗಿಸಿದ. ಹೊಸ ಹಾಳೆ ಬಿಗಿದ. ಮೊದಲ ಜೋಡಿಯ ಅಳತೆ ಬರೆದಿಟ್ಟಿದ್ದ 1994ರ ನೋಟ್‌ಬುಕ್ಕು ತೆಗೆದು ಅದರಲ್ಲಿದ್ದಂತೆ ಸಂದಿಯನ್ನು ಎರಡು ಮಿಲಿಮೀಟರಿಗೆ ಇಟ್ಟ, ವೋಲ್ಟನ್ನು ಮೀಟರಿನಲ್ಲಿ ನೋಡಿದ, ಒಂದು ಓಮು ಕಿತ್ತು ನಾಲ್ಕು ಓಮಿನ ರೆಸಿಸ್ಟರನ್ನು ಬೆಸೆದ. ಈ ಸಲ ಹಾಡು ಹಚ್ಚಿ ಕಿವಿಯಿಂದ ಪರೀಕ್ಷಿಸಲಿಲ್ಲ. ಅಳೆದ, ಅಷ್ಟೇ. ಕೆಲಸ ಒಂದೇ ವಾರದಲ್ಲಿ ಮುಗಿಯಿತು.

ರವಿವಾರ ಮಧ್ಯಾಹ್ನ ಕಾವೇರಿ ಬಂದರು, ಟೆಂಪೋ ಸಮೇತ. ಗೌಸಸಾಬನೂ ಬಂದ. ಮೊದಲು ಚಪ್ಪಟೆ ಜೋಡಿ, ಆಮೇಲೆ ಬಾಗಿದ್ದು. ಮುರುಗೆಪ್ಪ ಕುರ್ಚಿಯಲ್ಲಿ ಕೂರದೆ ಗೋಡೆಗೆ ಒರಗಿ ನಿಂತಿದ್ದ, ಅಂಗೈ ಗೋಡೆಯ ಮೇಲಿತ್ತು. ಬಾಗಿದ ಜೋಡಿಯಲ್ಲಿ ತಂಬೂರಿ ನಡೆದಾಗ ರತ್ನವ್ವ ಕೈಯಲ್ಲಿನ ಹಿಟ್ಟಿನ ಸಮೇತ ಬಾಗಿಲಿಗೆ ಬಂದು ನಿಂತಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಅವನು ಸ್ಪೀಕರನ್ನು ನೋಡಲಿಲ್ಲ, ಅವಳನ್ನು ನೋಡಿದ.

"ಭಾಳ ಛಲೋ ಆಗ್ಯಾವ್ರಿ," ಎಂದರು ಕಾವೇರಿ. "ನಾ ಈ ಬಾಗಿದ್ದನ್ನ ಒಯ್ಯಬೇಕಂತೀನಿ. ಆದ್ರ ನಿಮ್ಮ ಮಾತು ಬೇಕು. ಯಾವುದು ಅಂತ ನೀವ ಹೇಳ್ಬೇಕು."

"ನಾಕು ಓಮ್ ಹಾಕೀನ್ರಿ," ಎಂದ ಮುರುಗೆಪ್ಪ. "ಸಂದಿ ಎರಡು ಮಿಲಿ."

"ಅದು ತಿಳೀತೋ ಮಾರಾಯಾ," ಎಂದ ಗೌಸಸಾಬ. "ಕಾವೇರಿ ಬಾಯಾರು ಕೇಳಾಕತ್ತಿದ್ದು ಅದಲ್ಲ. ನಿನ್ನ ಕಿವಿಗೆ—" ಅಲ್ಲಿಗೆ ನಿಲ್ಲಿಸಿ, ಮೂಗು ಉಜ್ಜಿಕೊಂಡ.

"ಜವಾರಿ ಬರ್ತದ್ರಿ," ಎಂದಳು ರತ್ನವ್ವ ಬಾಗಿಲಿಂದ. "ಒಲಿ ತನಕಾ ಬರಾಕತ್ತೇತಿ."

"ನಿಮಗ ಹೆಂಗ ಅನಸ್ತದ್ರಿ?" ಎಂದು ಕಾವೇರಿ ಅವನ ಕಡೆಗೇ ತಿರುಗಿ ಕೇಳಿದರು. "ಮೊದಲ ಸಲ ಕೇಳಿದ್ದು ನೆನಪದ ಅಲ್ಲರಿ, ಅದಕ್ಕ ಹೋಲಿಸಿದ್ರ..."

ಮುರುಗೆಪ್ಪ ಗೋಡೆಯಿಂದ ಕೈ ತೆಗೆದ. ಹೊಸ್ತಿಲ ಹೊರಗೆ ಚಪ್ಪಲಿಗಳ ನಡುವೆ ತನ್ನದನ್ನು ಕಾಲಿನಿಂದ ಹುಡುಕಿ ಮೆಟ್ಟಿಕೊಂಡ. ಕಾವೇರಿಯ ಮಾತು ಇನ್ನೂ ಮುಗಿದಿರಲಿಲ್ಲ. "ಎಲ್ಲಿ ಹೊಂಟಿ? ಬಾಯಾರು ಮಾತಾಡಾಕತ್ತಾರ," ಎಂದು ಗೌಸಸಾಬ ಕರೆದ. ಅವನು ಟೆಂಪೋದ ಹಿಂಬದಿಯ ಹಲಗೆಯನ್ನು ಬಿಚ್ಚಿ ಇಳಿಬಿಟ್ಟ, ಬಾಗಿದ ಜೋಡಿ ಹಿಡಿಸುವಷ್ಟು ಅಗಲ ಇದೆಯೇ ಎಂದು ಗೇಣಿನಿಂದ ಅಳೆದ, ಆಮೇಲೆ ಟೆಂಪೋ ದಾಟಿ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ.